ಬಿಳಿಚಿದ ಕಾಲಪುರುಷ

ಮುಖ ನೋಡಿ ಮಣ್ಣು ಹಾಕು ಎಂದು ಹಿರಿಯರು ಹೇಳಿದ್ದಾರೆ. ಮಣ್ಣಲ್ಲ, ಮಣೆ ಎಂದು ತಿದ್ದಲು ಬರಬೇಡಿ. ನೇಪಲ್ಸಿನಲ್ಲಿ ಮಹಾಮಾರಿ ಬಂದುಹೋದ ಮೇಲೆ ಮಣೆಗಳೆಲ್ಲ ಹೆಣದ ಪೆಟ್ಟಿಗೆಗಳಾಗಿದ್ದವು. ಹಾಕಲು ಉಳಿದದ್ದು ಮಣ್ಣೊಂದೇ. ಗಾದೆ ಸುಳ್ಳಾದರೂ ಕಥೆ ಸುಳ್ಳಾಗದು. ಇದು ನಡೆದದ್ದು, ನಡೆದ ಹಾಗೆಯೇ ಹೇಳುತ್ತೇನೆ.

ಆ ಬೇಸಿಗೆಯಲ್ಲಿ ಊರಿಗೆ ಒಂದು ಹೊಸ ಚಾಳಿ ಹತ್ತಿಕೊಂಡಿತ್ತು. ಎದುರಿಗೆ ಯಾರಾದರೂ ಬಂದರೆ ಮೊದಲು ಕೆನ್ನೆ ನೋಡುವುದು, ಆಮೇಲೆ ನಮಸ್ಕಾರ. ಕೆನ್ನೆ ಕೆಂಪಗಿದ್ದರೆ ಅಣ್ಣ, ತಮ್ಮ, ಊಟವಾಯಿತೆ ಎಂಬ ಮಾತು. ಬಿಳಿಚಿದ್ದರೆ ಬಂದ ಓಣಿಯನ್ನೇ ಬಿಟ್ಟು ಇನ್ನೊಂದು ಓಣಿ. ಅರ್ಧ ಊರನ್ನು ಸುಣ್ಣದ ಗುಂಡಿಗೆ ಇಳಿಸಿ ಬಂದವರಿಗೆ ಬಿಳಿ ಬಣ್ಣ ಎಂದರೆ ಆಗುತ್ತಿರಲಿಲ್ಲ.

ಇಂಥ ಊರಿನಲ್ಲಿ ಇಂಥ ಕೀಟಲೆ ಮಾಡಲು ತಿಬುರ್ಸಿಯೊನಂಥವನೇ ಬೇಕು.

ತಿಬುರ್ಸಿಯೊ ಮೇಸ್ತ್ರಿ ಶಿಪಿಯೋನೆಯ ಚಿತ್ರಶಾಲೆಯಲ್ಲಿ ಕೆಲಸ ಮಾಡುತ್ತಿದ್ದ. ಮಾರಿಗೆ ಮೊದಲು ಅಲ್ಲಿ ತುಂಬ ಶಿಷ್ಯರಿದ್ದರು. ಈಗ ಉಳಿದವರು ಇಬ್ಬರೇ, ತಿಬುರ್ಸಿಯೊ ಮತ್ತು ಒನೊಫ್ರಿಯೊ. ಆದರೂ ಬೀದಿಯಲ್ಲಿ ನಿಂತು ಕೇಳಿದವರಿಗೆ ಒಳಗೆ ಸಂತೆ ನೆರೆದಂತೆ ಅನ್ನಿಸುತ್ತಿತ್ತು. ಮೇಸ್ತ್ರಿಯ ಮೂಗಿನ ರಾಗ, ಎದುರುಮನೆ ಪಾದ್ರಿಯ ಕೆಮ್ಮು, ಮೀನು ಮಾರುವವಳ ಕೂಗು, ಎಲ್ಲವೂ ತಿಬುರ್ಸಿಯೊನ ಗಂಟಲಿನಲ್ಲಿ ಬಾಡಿಗೆಗಿದ್ದವು. ಡ್ಯೂಕ್ ಮಹಾಶಯರಿಗೂ ಅವರ ಕತ್ತೆಗೂ ಮಾತ್ರ ಅವನು ಬೇರೆ ಬೇರೆ ದನಿ ಇಟ್ಟಿರಲಿಲ್ಲ. ಒಂದೇ ಇಬ್ಬರಿಗೂ ಸಾಕಾಗುತ್ತಿತ್ತು.

ಅವನಿಗೆ ದಕ್ಕದೆ ಉಳಿದದ್ದು ಒಂದೇ: ನಾರ್ದೊ ಮಾವನ ನಗು.

ನಾರ್ದೊ ಮಾವ ಬಂದರಿನಲ್ಲಿ ಗೋಧಿ ಮೂಟೆ ಹೊತ್ತು ಮುದುಕನಾದವನು. ಬೋಳು ತಲೆ, ಎದೆಯವರೆಗೆ ಗಡ್ಡ, ಎತ್ತಿನ ಹೆಗಲಿನಂಥ ಹೆಗಲು, ಎಡಗೆನ್ನೆಯ ಮೇಲೆ ಕಡಲೆಕಾಳಿನಷ್ಟು ದೊಡ್ಡ ನರುಳ್ಳೆ. ಅವನು ನಕ್ಕರೆ ಗಾಡಿಯಿಂದ ಮೂಟೆಗಳು ಒಂದರ ಮೇಲೊಂದು ಉರುಳಿದಂತೆ ಆಗುತ್ತಿತ್ತು. ಕೊನೆಯ ಮೂಟೆ ಬಿತ್ತು ಅನ್ನುವಷ್ಟರಲ್ಲಿ ಇನ್ನೊಂದು. ತಿಬುರ್ಸಿಯೊ ಅದನ್ನು ಅನುಕರಿಸಲು ಹೋದರೆ ಮೂಟೆಯಲ್ಲ, ಹೆಚ್ಚೆಂದರೆ ಹುರುಳಿಕಾಳು ಚೆಲ್ಲಿದ ಸದ್ದು ಬರುತ್ತಿತ್ತು.

ಡ್ಯೂಕರ ಹಜಾರದ ಮೇಲ್ಛಾವಣಿಗೆ ಒಂದು ಚಿತ್ರ ಬರೆಯಬೇಕಿತ್ತು. ರೆಕ್ಕೆಯಿರುವ, ಕುಡುಗೋಲು ಹಿಡಿದ ಮುದುಕ ಕಾಲಪುರುಷ ಮೋಡದ ಮೇಲೆ ಕೂತು ಪ್ರೇಮದೇವತೆಯ ಪುಟ್ಟ ರೆಕ್ಕೆಯ ಗರಿಗಳನ್ನು ಕತ್ತರಿಸುವ ಚಿತ್ರ. ಅದಕ್ಕೆ ಮೊದಲು ಕಾಲಪುರುಷನದ್ದೊಂದು ದೊಡ್ಡ ಅಭ್ಯಾಸಚಿತ್ರ ಕಾಗದದ ಮೇಲೆ ಆಗಬೇಕು, ಕೆಂಪು ಸೀಮೆಸುಣ್ಣದಲ್ಲಿ. ಸೀಮೆಸುಣ್ಣ ಎನ್ನುವುದು ಹೆಸರಿಗೆ. ನಿಜಕ್ಕೂ ಅದು ಕಾವಿಕಲ್ಲು, ಒಣಗಿದ ರಕ್ತದ ಬಣ್ಣ. ಹೆಗಲು ನೋಡಿ ಮೇಸ್ತ್ರಿ ನಾರ್ದೊ ಮಾವನನ್ನು ಕರೆಸಿ ಕೂರಿಸಿದ್ದರು. ಮುಖ ಮೊದಲ ದಿನವೇ ಮುಗಿಯಿತು. ಆದರೆ ಮೇಸ್ತ್ರಿಗೆ ಅದು ಹಿಡಿಸಲಿಲ್ಲ.

"ಇದೇನು ಕಾಲಪುರುಷನೋ, ನಾಮಕರಣದ ಊಟಕ್ಕೆ ಬಂದ ಅಜ್ಜನೋ?" ಎಂದು ಮೂಗಿನಲ್ಲೇ ರಾಗ ಎಳೆದರು. "ಎಲ್ಲರ ಸಾವನ್ನೂ ನೋಡಿದವನ ಮುಖ ಬೇಕು ನಂಗೆ. ನಿಂದು ಬರೀ ಊಟ ನೋಡಿದ ಮುಖ."

"ಮೇಸ್ತ್ರಿಗಳೇ, ಸಾವನ್ನೂ ನೋಡಿದೀನಿ," ಎಂದ ನಾರ್ದೊ ಮಾವ. "ಮಾರಿ ಬಂದಾಗ ಹೆಣದ ಗಾಡಿ ತಳ್ಳಿದ್ದು ಯಾರು? ನಾನೇ. ಮಾರಿ ನನ್ನ ಹತ್ರಾನೂ ಬಂದ್ಲು. ಮೇಲಿಂದ ಕೆಳಗೆ ನೋಡಿದ್ಲು. ಇವನನ್ನ ಹೊರೋರು ಯಾರು ಅಂತ ವಾಪಸ್ ಹೋದ್ಲು." ಮೂಟೆಗಳು ಉರುಳಿದವು.

ಕೂತ ಭಂಗಿ ಕೆಟ್ಟಿತು. ತಿಬುರ್ಸಿಯೊ ಅದೇ ಸಮಯಕ್ಕೆ ಮೇಸ್ತ್ರಿಯ ಬೆನ್ನ ಹಿಂದೆ ನಿಂತು ಅವರ ಮೂಗಿನ ರಾಗ ತೆಗೆಯುತ್ತಿದ್ದ. ಮೇಸ್ತ್ರಿ ತಿರುಗದೆಯೇ ಒದ್ದೆ ಸ್ಪಂಜು ಎಸೆದರು, ಅದು ಸರಿಯಾಗಿ ಅವನ ಬಾಯಿಗೇ ಬಡಿಯಿತು. ನಕ್ಕವನು ನಾರ್ದೊ, ಏಟು ತಿಂದವನು ತಿಬುರ್ಸಿಯೊ. ಅಷ್ಟಾದರೂ ಸಹಿಸಬಹುದಿತ್ತು. ಮುದುಕ ಕಣ್ಣೊರೆಸಿಕೊಂಡು ಕೇಳಿದ: "ಅಲ್ಲಪ್ಪ ಅಳಿಯ, ನಿನ್ನ ಬಾಯಲ್ಲಿ ಊರಿಗೆ ಊರೇ ಇದೆ. ನೀನೆಲ್ಲಿದೀಯ? ನಿಂದೂ ಅಂತ ಒಂದು ಮುಖ ಇಟ್ಕೊಂಡಿದೀಯೋ ಇಲ್ವೋ?"

ಒನೊಫ್ರಿಯೊ ಕೂಡ ನಕ್ಕ. ತಿಬುರ್ಸಿಯೊ ನಗಲಿಲ್ಲ. ಈ ಮುದುಕನ ನಗು ಒಂದು ಸಲ ನಿಲ್ಲಬೇಕು, ಒಂದೇ ಒಂದು ದಿನ ಸಾಕು ಅಂದುಕೊಂಡ. ಅಷ್ಟೇ ಅಂದುಕೊಂಡದ್ದು.

ಚಿತ್ರಶಾಲೆಯಲ್ಲಿ ಪಡಿಯಚ್ಚು ತೆಗೆಯುವುದೆಂಬ ಒಂದು ಕೆಲಸವಿದೆ. ಒಂದು ಪಕ್ಕದ ಆಕೃತಿಯೇ ಛಾವಣಿಯ ಇನ್ನೊಂದು ಪಕ್ಕಕ್ಕೂ ಬೇಕಾದರೆ ಎರಡನೇ ಸಲ ಬರೆಯುವ ಕಷ್ಟ ಯಾಕೆ? ಕೆಂಪು ಚಿತ್ರದ ಮೇಲೆ ಒದ್ದೆ ಕಾಗದ ಹಾಸಿ, ಚಮಚದ ಬೆನ್ನಿನಿಂದ ತಿಕ್ಕಿದರೆ ಆಯಿತು. ಮೇಲಿನ ಕೆಂಪು ಒಂದು ಪದರ ಹೊಸ ಕಾಗದಕ್ಕೆ ಅಂಟುತ್ತದೆ, ಎಡ ಬಲವಾಗಿ, ಬಲ ಎಡವಾಗಿ. ಹೊಸ ಚಿತ್ರ ಪುಕ್ಕಟೆ ಬಂತು ಎಂದು ಮೂರ್ಖರು ಸಂತೋಷಪಡುತ್ತಾರೆ. ಪುಕ್ಕಟೆ ಏನೂ ಬರುವುದಿಲ್ಲ. ಈಚೆಗೆ ಬಂದಷ್ಟು ಕೆಂಪು ಆಚೆ ಕಡಿಮೆಯಾಗುತ್ತದೆ. ಮೂಲ ಚಿತ್ರ ಬಿಳಿಚಿಕೊಳ್ಳುತ್ತದೆ.

ಮಟಮಟ ಮಧ್ಯಾಹ್ನ ಆ ಊರಿನಲ್ಲಿ ಮನುಷ್ಯರ ಹೊತ್ತಲ್ಲ. ಕಿಟಕಿ ಬಾಗಿಲು ಜಡಿದು ಎಲ್ಲರೂ ಮಲಗುತ್ತಾರೆ. ಬೀದಿಯಲ್ಲಿ ಬಿಸಿಲು ಮತ್ತು ಸತ್ತವರು ಮಾತ್ರ ಓಡಾಡುತ್ತಾರೆ. ಆ ಹೊತ್ತಿನಲ್ಲಿ ತಿಬುರ್ಸಿಯೊ ಅಂಗೈ ಅಗಲದ ಕಾಗದ ಕತ್ತರಿಸಿ, ನೆನೆಸಿ, ಕಾಲಪುರುಷನ ಮುಖದ ಮೇಲೆ ಮಾತ್ರ ಇಟ್ಟು, ಮೆಲ್ಲಗೆ ತಿಕ್ಕಿದ. ಮೈ, ರೆಕ್ಕೆ, ಕುಡುಗೋಲು ಎಲ್ಲ ಮೊದಲಿನಂತೆ ಕೆಂಪಗೇ ಉಳಿದವು. ಮುಖ ಒಂದು ಬಣ್ಣ ಇಳಿಯಿತು.

"ಏನೋ ಇದು?" ಎಂದು ಅರೆನಿದ್ದೆಯಲ್ಲಿ ಕೇಳಿದ ಒನೊಫ್ರಿಯೊ.

"ಮಾವನಿಗೆ ಒಂಚೂರು ಜ್ವರ ಬರಿಸ್ತಾ ಇದೀನಿ, ಸುಮ್ನೆ ಮಲಕ್ಕೋ."

ನಾರ್ದೊ ಮಾವನಿಗೆ ಒಂದು ಅಭ್ಯಾಸವಿತ್ತು. ಬಂದವನೇ ಚಿತ್ರದ ಮುಂದೆ ನಿಂತು ಅದನ್ನು ಮಾತಾಡಿಸಿ ಆಮೇಲೆ ಪೀಠಕ್ಕೆ ಹೋಗುವುದು. ಮರುದಿನವೂ ನಿಂತ. "ಏನಪ್ಪಾ ತಮ್ಮ, ಯಾಕೋ ಸಪ್ಪಗಿದೀಯ? ಹೆಂಡ್ತಿ ಊಟ ಹಾಕ್ಲಿಲ್ವಾ?" ಎಂದು ನಕ್ಕ. ಮಧ್ಯಾಹ್ನ ಮತ್ತೆ ಒದ್ದೆ ಕಾಗದ, ಮತ್ತೆ ಚಮಚ, ಹೀಗೇ ದಿನಾ. ಅದರ ಮರುದಿನ ಮುದುಕ ನಗುವುದಕ್ಕೆ ಮೊದಲು ಸ್ವಲ್ಪ ಹೊತ್ತು ನೋಡಿದ. ಇನ್ನೊಂದು ದಿನ, "ತಿಬುರ್ಸಿಯೊ, ಬಾ ಇಲ್ಲಿ. ಇವನು ಮೊನ್ನೆಗಿಂತ ಬೆಳ್ಳಗೆ ಕಾಣ್ತಾನಾ?" ಎಂದು ಕೇಳಿದ.

"ಯಾರು, ಚಿತ್ರಾನಾ?" ತಿಬುರ್ಸಿಯೊ ಪಾದ್ರಿಯ ಹಾಗೆ ಕೆಮ್ಮಿ, ಪಾದ್ರಿಯ ದನಿಯಲ್ಲಿ ಹೇಳಿದ, "ಮಗನೇ, ಕನ್ನಡಿ ಸುಳ್ಳು ಹೇಳಬಹುದು, ಚಿತ್ರ ಹೇಳಲ್ಲ." ಮಾತು ಬಾಯಿಂದ ಬಿದ್ದಾಗ ತಮಾಷೆಯಾಗಿತ್ತು. ನೆಲಕ್ಕೆ ತಲುಪುವಷ್ಟರಲ್ಲಿ ಅಲ್ಲ.

ವಾರ ಕಳೆಯುವಷ್ಟರಲ್ಲಿ ಮುದುಕ ಪೀಠದ ಮೇಲೆ ಕೂತು ತನ್ನ ಕೆನ್ನೆಯನ್ನು ತಾನೇ ಚಿವುಟಿ ನೋಡಿಕೊಳ್ಳತೊಡಗಿದ. ಊಟಕ್ಕೆ ತಂದ ಬ್ರೆಡ್ಡು, ಈರುಳ್ಳಿ ಗಂಟಿನಲ್ಲೇ ಉಳಿಯುತ್ತಿತ್ತು. ಅವನ ಹೆಂಡತಿ ಕಾರ್ಮೊಸಿನಾ ಒಂದು ದಿನ ತಾನೇ ಬಂದು, ದೃಷ್ಟಿ ತಾಗದಿರಲೆಂದು ಚಿತ್ರದ ಕಡೆ ಎರಡು ಬೆರಳಿನ ಕೊಂಬು ತೋರಿಸಿ, ಹಲಗೆಯ ಮೂಲೆಗೆ ಬೆಳ್ಳುಳ್ಳಿ ಕಟ್ಟಿದಳು. "ಇದು ನನ್ನ ಗಂಡನ ರಕ್ತ ಕುಡೀತಿದೆ," ಎಂದಳು. "ಕುಡಿಯೋ ಬಾಯಿಗೆ ಬೆಳ್ಳುಳ್ಳಿ ನಾತ ಹತ್ತಲಿ."

ಆದರೆ ರಕ್ತ ಕುಡಿದದ್ದು ಹೋಯಿತೆಲ್ಲಿಗೆ? ಚಿತ್ರ ಕುಡಿದಿದ್ದರೆ ಚಿತ್ರ ಕೆಂಪಾಗಬೇಕಿತ್ತು. ಆ ಲೆಕ್ಕ ಯಾರೂ ಹಾಕಲಿಲ್ಲ. ಮಾರಿ ಕಂಡ ಊರು ಲೆಕ್ಕ ಹಾಕುವುದಿಲ್ಲ, ಕೆನ್ನೆ ನೋಡುತ್ತದೆ. ಚಿತ್ರದ ಕೆನ್ನೆ ನೋಡಿ ನೋಡಿ ನಾರ್ದೊ ಮಾವನ ಕೆನ್ನೆಯೂ ಅದನ್ನೇ ಅನುಕರಿಸತೊಡಗಿತ್ತು. ಅನುಕರಣೆಯಲ್ಲಿ ತಿಬುರ್ಸಿಯೊನನ್ನೂ ಮೀರಿಸಿತು.

ಒಂದು ದಿನ ತಿಬುರ್ಸಿಯೊ ಬೇಕೆಂದೇ ಡ್ಯೂಕರ ಕತ್ತೆಯಾದ, ಕತ್ತೆಯ ಡ್ಯೂಕನಾದ. ಮುದುಕ ಅವನನ್ನೇ ನೋಡುತ್ತಾ ಕೂತಿದ್ದ. ಒಂದು ಮೂಟೆಯೂ ಉರುಳಲಿಲ್ಲ.

"ಸಾಕು ಬಿಡೋ," ಎಂದು ಒನೊಫ್ರಿಯೊ ಪಿಸುಗುಟ್ಟಿದ. "ನೀನು ಕೇಳಿದ್ದು ಸಿಕ್ತಲ್ಲ."

ಸಿಕ್ಕಿತ್ತು. ಚಿತ್ರಶಾಲೆ ನಿಶ್ಶಬ್ದವಾಗಿತ್ತು, ಮೇಸ್ತ್ರಿಯ ಸೀಮೆಸುಣ್ಣ ಕಾಗದದ ಮೇಲೆ ಹರಿಯುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ತಿಬುರ್ಸಿಯೊ ಅಂದೇ ನಿಲ್ಲಿಸಿದ. ತೆಗೆದಿದ್ದ ಪಡಿಯಚ್ಚುಗಳನ್ನೆಲ್ಲ ಒಟ್ಟಿಗೆ ಮಡಿಸಿ ಹಾಸಿಗೆಯ ಹುಲ್ಲಿನೊಳಗೆ ಅಡಗಿಸಿಟ್ಟ. ಇನ್ನು ಎರಡು ದಿನ ಚಿತ್ರ ಇದ್ದ ಹಾಗೇ ಇದ್ದರೆ ಮುದುಕನಿಗೆ ಧೈರ್ಯ ಬರುತ್ತದೆ, ಊಟ ಸೇರುತ್ತದೆ, ಎಲ್ಲ ಸರಿಹೋಗುತ್ತದೆ.

ಮರುದಿನ ಬೆಳಿಗ್ಗೆ ಕಾಲಪುರುಷನ ಮುಖ ಇನ್ನೊಂದು ಬಣ್ಣ ಇಳಿದಿತ್ತು.

ತಿಬುರ್ಸಿಯೊ ಒನೊಫ್ರಿಯೊನ ಕತ್ತಿನಪಟ್ಟಿ ಹಿಡಿದ. "ನೀನೇನೋ?"

"ಕನ್ಯೆ ಮರಿಯಳ ಆಣೆ, ನಾನಲ್ಲ. ನಂಗೆ ಅದರ ಹತ್ರ ಹೋಗೋಕೇ ಭಯ."

ಅದರ ಮರುದಿನ ಇನ್ನೂ ಇಳಿಯಿತು. ಕಣ್ಣುಗಳು ಈಗ ಎರಡು ಕಲೆಗಳು. ಕೆನ್ನೆ ಇದ್ದ ಜಾಗದಲ್ಲಿ ಬರೀ ಕಾಗದ. ಕೆಂಪು ಮೈ, ಕೆಂಪು ರೆಕ್ಕೆ, ಕೈಯಲ್ಲಿ ಕೆಂಪು ಕುಡುಗೋಲು, ಮೇಲೆ ಮಾತ್ರ ಬಿಳಿ ಮುಖ. ತಾನು ಆಟಕ್ಕೆ ಶುರುಮಾಡಿದ್ದನ್ನು ಇನ್ನಾರೋ ನಿಜಕ್ಕೆ ಮುಂದುವರಿಸುತ್ತಿದ್ದಾರೆ ಎಂಬುದು ತಿಬುರ್ಸಿಯೊನಿಗೆ ಖಚಿತವಾಯಿತು. ಮಧ್ಯಾಹ್ನ ಕಣ್ಣು ಮುಚ್ಚಿದರೆ ಖಾಲಿ ಬೀದಿಯಲ್ಲಿ ಹೆಣದ ಗಾಡಿಯ ಚಕ್ರದ ಸದ್ದು ಕೇಳುತ್ತಿತ್ತು. ಎದ್ದು ಸಂದಿಯಿಂದ ನೋಡಿದರೆ ಬಿಸಿಲು. ಊಟದ ತಟ್ಟೆಯನ್ನು ಮುಟ್ಟದೆ ಒನೊಫ್ರಿಯೊನ ಕಡೆ ತಳ್ಳುತ್ತಿದ್ದ. ಅವನು ಯಾರ ದನಿಯನ್ನೂ ಅನುಕರಿಸದೆ ಎಷ್ಟೋ ದಿನವಾಯಿತೆಂದು ಮೀನಿನವಳೇ ಬಾಗಿಲಿಗೆ ಬಂದು ವಿಚಾರಿಸಿದಳು.

ನಾರ್ದೊ ಮಾವ ಬರುವುದನ್ನು ನಿಲ್ಲಿಸಿದ. ಎದ್ದು ಕೂರಲು ಆಗುತ್ತಿಲ್ಲ, ನೀರು ಬಿಟ್ಟು ಏನೂ ಬೇಡ ಅನ್ನುತ್ತಾನೆ ಎಂದು ಕಾರ್ಮೊಸಿನಾ ಹೇಳಿಕಳಿಸಿದಳು. ಪಾದ್ರಿ ಸಾಯುವವರಿಗೆ ಹಚ್ಚುವ ಎಣ್ಣೆಯ ಭರಣಿ ಹಿಡಿದು ಆ ಓಣಿಗೆ ಹೋದದ್ದನ್ನು ಒನೊಫ್ರಿಯೊ ಕಣ್ಣಾರೆ ಕಂಡು ಬಂದ.

ಆಗ ತಿಬುರ್ಸಿಯೊ ಒಂದು ತೀರ್ಮಾನಕ್ಕೆ ಬಂದ. ಹೋದ ಕೆಂಪನ್ನು ಹಿಂದಕ್ಕೆ ತುಂಬುವುದು. ಮೇಸ್ತ್ರಿಯ ಚಿತ್ರದ ಮೇಲೆ ಶಿಷ್ಯ ಕೈಯಾಡಿಸಿದರೆ ಕೆಲಸ ಹೋಗುತ್ತದೆ, ಹೋಗಲಿ. ಕೆನ್ನೆ ಕೆಂಪಾದ ಚಿತ್ರವನ್ನು ಹಲಗೆ ಸಮೇತ ಹೊತ್ತು ಮುದುಕನ ಹಾಸಿಗೆಯ ಮುಂದೆ ಇಟ್ಟು, "ನೋಡು ಮಾವ, ತಮ್ಮ ಗುಣವಾದ," ಎಂದುಬಿಟ್ಟರೆ ಜೀವ ಉಳಿಯಬಹುದು.

ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಬರಿಗಾಲಲ್ಲಿ ಚಿತ್ರದ ಹತ್ತಿರ ಹೋದ. ಕೆಳಗೆ ಒಂದು ಬೋಗುಣಿ ನೀರು ಇತ್ತು. ಪಕ್ಕದಲ್ಲಿ ಅಂಗೈ ಅಗಲದ ಕಾಗದ, ಅಚ್ಚುಕಟ್ಟಾಗಿ ಕತ್ತರಿಸಿದ್ದು. ಕಾಗದದ ಮೇಲೆ ಚಮಚ. ಚಮಚ ಇನ್ನೂ ಒದ್ದೆಯಾಗಿತ್ತು.

"ಬಂದ್ಯಾ?" ಎಂದಿತು ಮೂಗಿನ ರಾಗ.

ಮೇಸ್ತ್ರಿ ಶಿಪಿಯೋನೆ ಕಿಟಕಿಯ ಕತ್ತಲ ಪಕ್ಕದಲ್ಲಿ ಕೂತು ಕಾವಿಕಲ್ಲಿಗೆ ಮೊನೆ ಮಾಡುತ್ತಿದ್ದರು. ಅವರ ಬೆರಳ ತುದಿಗಳು ಕೆಂಪಗಿದ್ದವು.

"ನೀನು ಮಧ್ಯದಲ್ಲೇ ಕೈಬಿಟ್ಟೆ," ಎಂದರು, ಬಯ್ಯುವಂತಲ್ಲ, ಪಾಠ ಹೇಳುವಂತೆ. "ಕೆಲಸ ಅರ್ಧಕ್ಕೆ ನಿಲ್ಲಿಸೋ ಚಾಳಿ ಒಳ್ಳೇದಲ್ಲ ಕಣೋ. ಶುರು ಚೆನ್ನಾಗೇ ಮಾಡಿದ್ದೆ. ಮೊದಲನೇ ದಿನಾನೇ ನೋಡಿದೆ, ಮುಖ ಇಳಿದಿದೆ ಅಂತ. ಹುಡುಗನಿಗೆ ಬುದ್ಧಿ ಬಂತು ಅಂದ್ಕೊಂಡೆ."

"ಮೇಸ್ತ್ರಿಗಳೇ, ಮಾವ ಸಾಯ್ತಾ ಇದಾನೆ."

"ಹೂಂ. ಮಾವಿನಕಾಯಿ ತಾನಾಗಿ ಹಣ್ಣಾಗಲ್ಲ, ಹುಲ್ಲಲ್ಲಿ ಹಾಕಿಡಬೇಕು ಅಂತ ನಿಮ್ಮ ಕಡೆ ಹೇಳಲ್ವಾ?" ಎಂದು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಮೇಸ್ತ್ರಿ ಹೇಳಿದ್ದು ಅಂಜೂರದ ಮಾತು, ಅರ್ಥ ಅದೇ. "ಇವತ್ತು ಬೆಳಿಗ್ಗೆ ಹೋಗಿ ನೋಡ್ಬಂದೆ, ಅವನ ಮುಖ ಹಣ್ಣಾಗಿದೆ. ಎಲ್ಲಾನೂ ನೋಡಿ ಮುಗಿಸಿರೋ ಮುಖ. ನಾಳೆಗೆ ಕೊಳೆತುಹೋಗತ್ತೆ. ನೀನು ಅವನ ಮನೆಗೆ ಮುಂದೆ ಓಡು, ನಾನು ಬರೆಯೋಕೆ ಹಿಂದೆ ಬರ್ತೀನಿ. ಎಡಗಡೆ ಕಿಟಕಿ ತೆಗೆಸು, ಬೆಳಕು ಗುಳಿಬಿದ್ದ ಕೆನ್ನೆಗೆ ಅಡ್ಡ ಬೀಳಬೇಕು. ಆ ಹೆಂಗಸಿಗೆ ಹೇಳು, ನಾನು ಬರೋವರ್ಗೂ ಮುಖ ತೊಳೀಬಾರದು. ಸಾರು ಗೀರು ಕುಡಿಸಬಾರದು."

ಇಷ್ಟು ದಿನ ಈ ಮನುಷ್ಯನ ದನಿಯನ್ನು ಅನುಕರಿಸಿ ಜನರನ್ನು ನಗಿಸಿದ್ದೆನಲ್ಲ ಅಂದುಕೊಂಡ ತಿಬುರ್ಸಿಯೊ. ಅವನು ಹಾಸಿಗೆಯ ಹುಲ್ಲಿನಿಂದ ಪಡಿಯಚ್ಚುಗಳನ್ನು ಎಳೆದು ಅಂಗಿಯೊಳಗೆ ತುರುಕಿಕೊಂಡು ಓಡಿದ. ಬೀದಿ ಬೆಳ್ಳಗೆ ಉರಿಯುತ್ತಿತ್ತು. ಒಂದು ನಾಯಿಯೂ ಇರಲಿಲ್ಲ. ಹಿಂದೆ ದೂರದಲ್ಲಿ ಮೇಸ್ತ್ರಿಯ ಕೋಲಿನ ಟಕ್ ಟಕ್ ಸದ್ದು ಅವಸರವಿಲ್ಲದೆ ಬರುತ್ತಿತ್ತು.

ನೆಲಮಟ್ಟದ ಒಂದೇ ಕೋಣೆ. ಕಾರ್ಮೊಸಿನಾ ಮೂಲೆಯಲ್ಲಿ ಜಪಮಣಿ ಹಿಡಿದು ಕೂತಿದ್ದಳು. ಹಾಸಿಗೆಯಲ್ಲಿ ನಾರ್ದೊ ಮಾವ ಮಲಗಿದ್ದ, ಇಲ್ಲ, ಅವನ ಹೆಗಲು ಮಲಗಿತ್ತು. ಮುಖ ಎಲ್ಲಿಗೋ ಹೊರಟುನಿಂತಿತ್ತು.

ತಿಬುರ್ಸಿಯೊ ಕಿಟಕಿ ತೆಗೆಯಲಿಲ್ಲ. ಮೊಣಕಾಲೂರಿದ. "ಮಾವ, ನಿನಗೆ ರೋಗ ಇಲ್ಲ. ನಾನು ಮಾಡಿದ್ದು. ನೋಡು, ನಿನ್ನ ಕೆಂಪೆಲ್ಲ ನನ್ನ ಹತ್ರ ಇದೆ." ಒಂದೊಂದಾಗಿ ಪಡಿಯಚ್ಚುಗಳನ್ನು ಹೊದಿಕೆಯ ಮೇಲೆ ಹರಡಿದ. ಮೊದಲನೆಯದು ಗಾಢ ಕೆಂಪು, ಆಮೇಲಿನದು ಅದಕ್ಕಿಂತ ತಿಳಿ, ಹೀಗೆ ಸಾಲಾಗಿ ನಾರ್ದೊಗಳು. "ಒದ್ದೆ ಕಾಗದ ಇಟ್ಟು ಚಮಚದಲ್ಲಿ ತಿಕ್ಕಿದೆ. ಅಷ್ಟೇ ಮಾವ. ಬರೀ ಚಮಚ."

ಜಪಮಣಿ ನಿಂತಿತು. ಮುದುಕ ಒಂದೊಂದನ್ನೂ ನೋಡಿದ. ಬೆರಳನ್ನು ಒಂದು ಕಾಗದದ ಮೇಲೆ ಇಟ್ಟ. ಆ ಮುಖದ ನರುಳ್ಳೆ ಬಲಗೆನ್ನೆಯ ಮೇಲಿತ್ತು.

"ಇವನ್ಯಾರೋ?" ಎಂದ, ಬಾವಿಯ ತಳದಿಂದ. "ನರುಳ್ಳೆ ಆ ಕಡೆ ಹೋಗಿದೆ."

"ಅಚ್ಚಲ್ಲಿ ತಿರುಗತ್ತೆ ಮಾವ. ನೀನೇ ಅವನು."

"ನಾನಲ್ಲ. ಇಷ್ಟೊಂದು ಜನ ನನ್ನನ್ನ ಹೊರೋಕೆ ಬಂದಿದಾರಾ ಅಂದ್ಕೊಂಡೆ." ಉಸಿರು ಎಳೆದುಕೊಂಡ. ಎದೆಯಲ್ಲಿ ಏನೋ ಗೊರಗುಟ್ಟಿತು. ಕಾರ್ಮೊಸಿನಾ ಶಿಲುಬೆಯ ಗುರುತು ಮಾಡಿಕೊಂಡು ಎದ್ದಳು. ಇದೇ ಕೊನೆಯದು ಎಂದು ತಿಬುರ್ಸಿಯೊ ಕಣ್ಣು ಮುಚ್ಚಿದ.

"ಚಮಚ," ಎಂದ ಮುದುಕ.

ಮತ್ತೆ ಗೊರಗೊರ.

"ಮಾರಿ ಮುಟ್ಲಿಲ್ಲ ನನ್ನನ್ನ. ಸಾವಿರ ಹೆಣ ತಳ್ಳಿದೆ, ಏನೂ ಆಗ್ಲಿಲ್ಲ. ಕಾರ್ಮೊಸಿನಾ, ಕೇಳಿಸ್ಕೊಂಡ್ಯೇನೇ? ನಿನ್ನ ಗಂಡ ಸಾಯ್ತಿದ್ದಿದ್ದು ಯಾವುದ್ರಿಂದ ಗೊತ್ತಾ? ಚಮಚ ತಗುಲಿ!" ಒಂದು ಮೂಟೆ ಉರುಳಿತು. ಸ್ವಲ್ಪ ತಡೆದು ಇನ್ನೊಂದು. "ಎಣ್ಣೆ ಹಚ್ಚಿಸ್ಕೊಂಡೆನಲ್ಲೇ! ಪಾದ್ರಿಗೆ ಇದ್ದಬದ್ದ ಪಾಪ ಎಲ್ಲಾ ಹೇಳಿಬಿಟ್ಟೆನಲ್ಲೇ! ಪಕ್ಕದ್ಮನೆ ಕೋಳಿ ವಿಷಯಾನೂ ಹೇಳ್ಬಿಟ್ಟೆ!"

"ಯಾವ ಕೋಳಿ?" ಎಂದಳು ಕಾರ್ಮೊಸಿನಾ.

ಗಾಡಿಯೇ ಮಗುಚಿಕೊಂಡಿತು. ಮುದುಕ ನಕ್ಕ, ಕೆಮ್ಮಿದ, ಹೊದಿಕೆ ಒದ್ದ, ಎದ್ದು ಕೂತು ಈರುಳ್ಳಿ ಕೇಳಿದ. ಕತ್ತಿನಿಂದ ರಕ್ತ ಏರಿ ಕೆನ್ನೆಗೆ ಬಂತು, ಕಿವಿಗೆ ಬಂತು, ಬೋಳು ತಲೆಯ ನೆತ್ತಿಗೂ ಬಂತು. ಅಂಥ ಕೆಂಪು ಯಾವ ಕಾವಿಕಲ್ಲಿನಲ್ಲೂ ಇರಲಿಲ್ಲ.

ಕೋಲಿನ ಸದ್ದು ಹೊಸ್ತಿಲಲ್ಲಿ ನಿಂತಿತು. ಮೇಸ್ತ್ರಿ ಒಳಗೆ ಬಂದು, ತಾವೇ ಎಡಗಡೆಯ ಕಿಟಕಿ ತೆಗೆದು, ಸ್ಟೂಲು ಎಳೆದು ಕೂತು, ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು, ಆಮೇಲೆ ತಲೆಯೆತ್ತಿದರು. ಹಾಸಿಗೆಯಲ್ಲಿ ಒಬ್ಬ ಅಜ್ಜ ಬಾಯ್ತುಂಬ ಈರುಳ್ಳಿ ಇಟ್ಟುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, ನಗುತ್ತಿದ್ದ.

"ನಗಬೇಡ," ಎಂದರು ಮೇಸ್ತ್ರಿ. ಮೂಗಿನ ರಾಗ ಮೊದಲ ಸಲ ಒಡೆದಿತ್ತು. "ನಾರ್ದೊ, ಕೈಮುಗೀತೀನಿ. ಒಂದು ಗಳಿಗೆ. ಬೆಳಿಗ್ಗೆ ಹೇಗಿದ್ಯೋ ಹಾಗೇ ಇರು."

"ಸಾಯ್ತಾ ಇದ್ದೆ ಮೇಸ್ತ್ರಿಗಳೇ! ಈಗ ಪುರುಸೊತ್ತಿಲ್ಲ!"

ಕಾರ್ಮೊಸಿನಾ ನಕ್ಕಳು. ಬಾಗಿಲಲ್ಲಿ ಸೇರಿದ ಅಕ್ಕಪಕ್ಕದವರು, ಮಧ್ಯಾಹ್ನದ ನಿದ್ದೆ ಕೆಟ್ಟವರು, ಏನೆಂದು ತಿಳಿಯದೆಯೇ ನಕ್ಕರು. ತಿಬುರ್ಸಿಯೊನಿಗೂ ನಗು ಬಂತು, ಮೊಣಕಾಲ ಮೇಲೇ ಗೋಡೆಗೆ ಒರಗಿದ. ಕಿಟಕಿಯ ಬೆಳಕು ಅಡ್ಡವಾಗಿ ಅವನ ಮೇಲೆ ಬಿತ್ತು.

ಮೇಸ್ತ್ರಿ ಮಾತ್ರ ನಗಲಿಲ್ಲ. ಹಾಸಿಗೆಯ ಕಡೆಯಿಂದ ಅವರ ಕಣ್ಣು ಮೆಲ್ಲಗೆ ಸರಿದು ಬಂದು, ತಿಬುರ್ಸಿಯೊನ ಮೇಲೆ ನಿಂತಿತು. ಊಟ ನಿದ್ದೆ ಬಿಟ್ಟ ಕೆನ್ನೆಯ ಗುಳಿ. ಹಗಲಲ್ಲೂ ಗಾಡಿಯ ಚಕ್ರ ಕೇಳಿಸಿಕೊಂಡ ಕಣ್ಣು. ಅವರ ಕೈ ಒಂದು ಹೊಸ ಕಾಗದ ತೆಗೆಯಿತು.

"ಅಲ್ಲಾಡಬೇಡ," ಎಂದರು ಮೆಲ್ಲಗೆ.

"ನಾನಾ? ಮೇಸ್ತ್ರಿಗಳೇ, ನಂಗೆ ಇನ್ನೂ ಮೀಸೆ ನೆಟ್ಟಗೆ ಬಂದಿಲ್ಲ."

"ಗಡ್ಡ ನಾನು ಬರ್ಕೋತೀನಿ. ಆ ಕಣ್ಣು ಬರೆಯೋಕೆ ನನ್ನ ಕೈಲೂ ಆಗಲ್ಲ, ಅದು ಬರಬೇಕು. ಬಂದಿದೆ. ಬಾಯಿ ಮುಚ್ಚು. ಬೆಳಕಿಗೆ ತಿರುಗು."

ಕಾವಿಕಲ್ಲು ಕಾಗದಕ್ಕೆ ತಗುಲಿದ ಸದ್ದಾಯಿತು. ತಿಬುರ್ಸಿಯೊ ಏಳಬೇಕೆಂದುಕೊಂಡ. ಪಾದ್ರಿಯ ಕೆಮ್ಮೋ, ಕತ್ತೆಯ ಕೂಗೋ, ಏನಾದರೊಂದನ್ನು ತೆಗೆದು ಇದನ್ನು ತಮಾಷೆಗೆ ತಿರುಗಿಸಬೇಕೆಂದು ಗಂಟಲೊಳಗೆ ತಡಕಾಡಿದ. ಬಾಡಿಗೆದಾರರೆಲ್ಲ ಮನೆ ಖಾಲಿ ಮಾಡಿಕೊಂಡು ಹೋಗಿದ್ದರು. ತನ್ನ ಮುಖ ಒಂದೊಂದೇ ಗೆರೆಯಾಗಿ ಆಚೆಗೆ ಹೋಗುತ್ತಿರುವುದನ್ನು ಅವನು ಕೆನ್ನೆಯ ಚರ್ಮದಲ್ಲೇ ತಿಳಿಯುತ್ತಿದ್ದ.

ಹಾಸಿಗೆಯ ಮೇಲಿಂದ ನಾರ್ದೊ ಮಾವ ಬಗ್ಗಿ ಕಾಗದವನ್ನೊಮ್ಮೆ, ತಿಬುರ್ಸಿಯೊನನ್ನೊಮ್ಮೆ ನೋಡಿದ.

"ಅಳಿಯ!" ಎಂದ. "ಅಂತೂ ನಿನ್ನ ಸ್ವಂತ ಮುಖ ಸಿಕ್ತು ನೋಡೋ!"

ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತವರು ನಕ್ಕರು, ಕೋಳಿಯ ವಿಷಯ ಮರೆತು ಕಾರ್ಮೊಸಿನಾ ನಕ್ಕಳು. ಆದರೆ ಆ ಓಣಿಯಿಡೀ ಕೇಳಿಸಿದ್ದು ಒಂದೇ ನಗು. ಮಲಗಿದ್ದ ಬೀದಿಯ ಕಿಟಕಿಗಳನ್ನು ಒಂದೊಂದಾಗಿ ತೆರೆಸುತ್ತಾ, ಮೂಟೆಯ ಮೇಲೆ ಮೂಟೆ ಉರುಳಿಸುತ್ತಾ, ಎಲ್ಲರಿಗಿಂತ ಜೋರಾಗಿ ಮುದುಕ ನಗುತ್ತಿದ್ದ.